ಫೈಟರ್ ಮಾಮನ ನಾಲ್ಕು ಸೆಕೆಂಡು

ಅವರ ಎಡಗೈ ಮೊಣಕೈಯಲ್ಲಿ ನೆಟ್ಟಗಾಗುತ್ತಿರಲಿಲ್ಲ. ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸಿನ ಕೈಯಂತೆ ಸದಾ ಮಡಚಿಕೊಂಡೇ ಇರುತ್ತಿತ್ತು. ಆ ಮಡಿಕೆಯೊಳಗೆ, ಪಕ್ಕೆಲುಬಿಗೂ ಮುಂಗೈಗೂ ನಡುವೆ, ಒಂದು ವೀಡಿಯೊ ಕ್ಯಾಸೆಟ್ಟು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಬಾಗಿಲಲ್ಲಿ ಮೊದಲು ಆ ಮೊಣಕೈ ಕಾಣಿಸುತ್ತಿತ್ತು, ಆಮೇಲೆ ಕ್ಯಾಸೆಟ್ಟಿನ ತುದಿ, ಆಮೇಲೆ ಮನುಷ್ಯ. ನಾನು ಅಡುಗೆಮನೆಯಿಂದಲೇ "ರಾಮ ರಾಮಾ" ಅನ್ನುತ್ತಿದ್ದೆ. ಭಕ್ತಿಯಿಂದಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಠಾಣೆಯ ವರ್ತಕ ನಗರದಲ್ಲಿ ಹೌಸಿಂಗ್ ಬೋರ್ಡಿನ ಹಳೆಯ ಕಟ್ಟಡ; ಎರಡನೇ ಮಹಡಿಯಲ್ಲಿ ನಾವು, ಕೆಳಗೆ ನೀರಿನ ಪಂಪಿನ ಪಕ್ಕದ ಖೋಲಿಯಲ್ಲಿ ಅವರು ಮತ್ತು ಅವರ ಮಗಳು. ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದುದು ಫೈಟರ್ ಮಾಮ ಎಂದು. ವಿಜಯಪುರದ ಕಡೆಯವರು. ಮೂಟೆ ಹೊರುವ ಕೆಲಸಕ್ಕೆಂದು ಮುಂಬೈಗೆ ಬಂದವರನ್ನು ಯಾರೋ ಮೈಕಟ್ಟು ನೋಡಿ ಸಿನಿಮಾಕ್ಕೆ ಕರೆದೊಯ್ದರಂತೆ. ಎಂಬತ್ತರ ದಶಕದಲ್ಲಿ ಹತ್ತು ವರ್ಷ ಹಿಂದಿ ಸಿನಿಮಾಗಳಲ್ಲಿ ಹೀರೋಗಳ ಕೈಯಲ್ಲಿ ಪೆಟ್ಟು ತಿಂದರು. ಕೈ ಹೋದ ಮೇಲೆ ಯಾವುದೋ ಸೊಸೈಟಿಯಲ್ಲಿ ವಾಚ್‌ಮನ್ ಆದರು. ಹೆಂಡತಿ ಮಗುವಿಗೆ ನಾಲ್ಕು ವರ್ಷವಿದ್ದಾಗಲೇ ತೀರಿಕೊಂಡಿದ್ದಳು.

ನಮ್ಮ ಮನೆಯಲ್ಲಿ ವಿಸಿಆರ್ ಇತ್ತು. ಮಸ್ಕತ್ತಿನಲ್ಲಿದ್ದ ನನ್ನ ಮೈದುನ ತಂದುಕೊಟ್ಟದ್ದು. ನಾನು ಅದರಲ್ಲಿ ಉಡುಪಿಯ ಪರ್ಯಾಯದ ಕ್ಯಾಸೆಟ್ಟು ಹಾಕಿ ನೋಡುತ್ತೇನೆ, ಕೃಷ್ಣನ ಪೂಜೆ ಮನೆಯಲ್ಲೇ ಕೂತು ಕಣ್ತುಂಬಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಆದದ್ದು ಬೇರೆ. ಇಡೀ ಕಟ್ಟಡದಲ್ಲಿ ಅದೊಂದೇ ವಿಸಿಆರ್ ಎಂಬ ಸುದ್ದಿ ಫೈಟರ್ ಮಾಮನಿಗೆ ತಲುಪಿದ ಮೇಲೆ ಕೃಷ್ಣ ಮೂಲೆ ಸೇರಿದ.

ಅವರು ತರುತ್ತಿದ್ದ ಸಿನಿಮಾಗಳೆಲ್ಲ ಒಂದೇ ಅಚ್ಚಿನವು. ಇಬ್ಬರು ಹೀರೋಗಳು, ಕಳುವಾದ ವಜ್ರವೋ ಸೂಟ್‌ಕೇಸೋ ಒಂದು, ಅದರ ಹಿಂದೆ ಓಡುವ ಹತ್ತು ಗೂಂಡಾಗಳು. ಹಣ್ಣಿನ ಗಾಡಿ ಉರುಳಲೇಬೇಕು. ಮಡಕೆ ಅಂಗಡಿ ಚೂರಾಗಲೇಬೇಕು. ಒಬ್ಬನಾದರೂ ಸೆಗಣಿ ರಾಶಿಗೆ ತಲೆಕೆಳಗಾಗಿ ಬೀಳಬೇಕು. ಅದನ್ನು ಐದನೇ ಸಲ ನೋಡುವಾಗಲೂ ನಮ್ಮವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶನಿವಾರ ಅವರಿಗೆ ಕಾರ್ಖಾನೆ ಅರ್ಧ ದಿನ. ನನಗೆ ಶನಿವಾರ ಆಂಜನೇಯನ ಒಪ್ಪೊತ್ತು. ಹಸಿದ ಹೊಟ್ಟೆಯಲ್ಲಿ ಜಪಕ್ಕೆ ಕೂತರೆ ಹಾಲಿನಿಂದ ಢಿಶುಂ ಢಿಶುಂ.

"ಎಂತದ್ದು ಇದು, ವಾರ ವಾರ?" ಎಂದರೆ ನಮ್ಮವರು, "ನೋಡಲಿ ಬಿಡು ಮಾರಾಯ್ತಿ. ಅವರು ಹೊಡೆಸಿಕೊಂಡದ್ದು, ಅವರು ನೋಡುವುದು. ನಿನಗೆಂತ ಬೇನೆ?" ಎನ್ನುತ್ತಿದ್ದರು.

ಬರೀ ನೋಡಿದ್ದರೆ ನನಗೂ ಬೇನೆಯಿರಲಿಲ್ಲ. ಹೊಡೆದಾಟ ಬಂದ ಕೂಡಲೇ ಮಾಮ ಬಲಗೈಯಿಂದ ನಮ್ಮ ಮೊಸಾಯಿಕ್ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಬೀಳುವ ಮೊದಲು ನೆಲಕ್ಕೆ ನಮಸ್ಕಾರ ಮಾಡುವುದು ಅವರ ಕಸುಬಿನ ಪದ್ಧತಿಯಂತೆ. ಬೀಳುವವರು ಟಿವಿಯೊಳಗೆ, ನಮಸ್ಕಾರ ನನ್ನ ಹಾಲಿನಲ್ಲಿ! ಆಮೇಲೆ ರಿಮೋಟಿನಿಂದ ಚಿತ್ರವನ್ನು ನಿಲ್ಲಿಸುವುದು, ಹಿಂದೆ ಓಡಿಸುವುದು, ಮತ್ತೆ ನಿಲ್ಲಿಸುವುದು.

"ಅಕ್ಕಾರ, ಬರ್‍ರಿ ಇಲ್ಲಿ, ಲಗೂನ ಬರ್‍ರಿ! ಆ ನೀಲಿ ಬನೀನು ಐತಲ್ರಿ, ಅದು ನಾ!"

ಒಗ್ಗರಣೆ ಬಿಟ್ಟು ಓಡಿ ಬಂದರೆ ಕಾಣುವುದು ಒಂದು ಬೆನ್ನು. ಇನ್ನೊಂದು ಸಿನಿಮಾದಲ್ಲಿ ಡ್ರಮ್ಮಿನೊಳಗಿಂದ ಮೇಲೆ ಚಾಚಿದ ಎರಡು ಕಾಲು. ಮತ್ತೊಂದರಲ್ಲಿ ತಲೆಯ ಮೇಲೆ ಬುಟ್ಟಿ ಕವುಚಿಕೊಂಡಿತ್ತು.

"ಅಣ್ಣ, ಇದು ನೀವೇ ಅಂತ ಯಾರು ಹೇಳಬೇಕು? ಬೆನ್ನು ಎಲ್ಲರಿಗೂ ಉಂಟು."

"ಮಾರಿ ಕಾಣೂದು ಒಂದರಾಗ ಐತ್ರಿ ಅಕ್ಕಾರ." ಅವರ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. "ನಾಕು ಸೆಕೆಂಡು. ಕ್ಯಾಮೆರಾದ ಎದುರಾಎದುರು. ಯಾ ಸಿನಿಮಾ ಅಂತ ಗೊತ್ತಿಲ್ರಿ."

ತಾನು ಕೆಲಸ ಮಾಡಿದ ಸಿನಿಮಾದ ಹೆಸರು ಗೊತ್ತಿಲ್ಲದಿರುವುದುಂಟೇ ಎಂದು ನಾನು ನಮ್ಮವರ ಹತ್ತಿರ ಗೊಣಗಿದೆ. ಉಂಟಂತೆ. ಫೈಟರ್‌ಗಳಿಗೆ ಬೆಳಿಗ್ಗೆ ಕರೆ ಬರುತ್ತದೆ, ಇಂಥ ಸ್ಟುಡಿಯೋಕ್ಕೆ ಬಾ ಎಂದು. ಹೋದರು, ಬಿದ್ದರು, ಬಂದರು. ಸಿನಿಮಾಕ್ಕೆ ಆಗ ಹೆಸರೇ ಇಟ್ಟಿರುವುದಿಲ್ಲ. ಬಿಡುಗಡೆಯಾಗುವ ಹೊತ್ತಿಗೆ ಇವರು ಬೇರೆ ಹತ್ತು ಕಡೆ ಬಿದ್ದಿರುತ್ತಾರೆ. ಹಾಗಾಗಿ ಮಾಮ ನಾಕಾದ, ಅಂದರೆ ನಮ್ಮ ಚೌಕದ, ವೀಡಿಯೊ ಲೈಬ್ರರಿಯ ಕಪಾಟನ್ನು ಒಂದು ತುದಿಯಿಂದ ಹಿಡಿದು ನೋಡುತ್ತಾ ಬರುತ್ತಿದ್ದರು. ಅವರಿಗೆ ಆ ನಾಲ್ಕು ಸೆಕೆಂಡು ಬೇಕಾದದ್ದು ತಮಗಾಗಿ ಅಲ್ಲ, ಮಗಳಿಗಾಗಿ.

ಹುಡುಗಿ ಆಗ ಒಂಬತ್ತನೇ ಇಯತ್ತೆ, ಮರಾಠಿ ಶಾಲೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಸಣ್ಣವಳಿದ್ದಾಗ ಶಾಲೆಯಲ್ಲಿ "ನನ್ನ ಅಪ್ಪ ಸಿನಿಮಾದವರು" ಎಂದು ಹೇಳಿಕೊಂಡು ತಿರುಗಿದ್ದಳಂತೆ. ದೊಡ್ಡವಳಾದಂತೆ ಗೆಳತಿಯರು, "ಯಾವ ಸಿನಿಮಾ, ತೋರಿಸು" ಎಂದು ನಗತೊಡಗಿದರು. ತೋರಿಸಲು ಏನೂ ಇರಲಿಲ್ಲ. ಒಂದು ಫೋಟೋ ಕೂಡ ಇಲ್ಲ. ಅಪ್ಪ ಸುಳ್ಳು ಹೇಳುತ್ತಾರೆ ಎಂದು ಅವಳು ನಿಶ್ಚಯಿಸಿಬಿಟ್ಟಳು. ಆದರೂ ಶನಿವಾರ ಅಪ್ಪನ ಹಿಂದೆ ಬಂದು ನಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದಳು. ಒಳಗೆ ಬಂದು ಕೂರು ಎಂದರೆ ಕೂರುತ್ತಿರಲಿಲ್ಲ. ಬೆನ್ನು ನೋಡಿ ಹೋಗುತ್ತಿದ್ದಳು.

ಒಂದು ಮಳೆಗಾಲ ನಾನು ನೀರಿನ ಬಕೆಟ್ ಹಿಡಿದು ಮೆಟ್ಟಿಲಲ್ಲಿ ಜಾರಿ, ಅಂಗೈ ಊರಿ, ಮಣಿಕಟ್ಟು ಉಳುಕಿಸಿಕೊಂಡೆ. ಮಾಮ ಓಡಿ ಬಂದರು. ಕೈ ಹಿಡಿದು ಎಬ್ಬಿಸಬೇಕಾದವರು ಎದುರಿಗೆ ನಿಂತು ಪಾಠ ಶುರುಮಾಡಿದರು.

"ಕೈ ಊರಬಾರದ್ರಿ ಅಕ್ಕಾರ! ಬೀಳೂ ಮುಂದ ಕೈ ಊರಿದ್ರ ಎಲುಬು ಹೋತು. ಭುಜ ಕೊಡಬೇಕು. ಭುಜ ಕೊಟ್ಟು ಉಳ್ಳಬೇಕು. ನೋಡ್ರಿಲ್ಲಿ." ಐವತ್ತರ ಹತ್ತಿರದ ಮನುಷ್ಯ, ಒದ್ದೆ ಲ್ಯಾಂಡಿಂಗಿನ ಮೇಲೆ ನಿಜವಾಗಿಯೂ ಬಿದ್ದರು. ಭುಜ ತಾಗಿತು, ಬೆನ್ನು ತಾಗಿತು, ಒಂದು ಸುತ್ತು ಉರುಳಿ ಎದ್ದು ನಿಂತರು. ಎದ್ದ ರಭಸಕ್ಕೆ ನನ್ನ ತುಳಸಿ ಕುಂಡ ಎರಡು ಹೋಳಾಯಿತು.

"ಹೊಡಿಯಾವ ಯಾರರೆ ಸಿಗತಾನ್ರಿ. ಛಂದಾಗಿ ಬೀಳಾವ ಸಿಗಂಗಿಲ್ಲ" ಎಂದು ಮಣ್ಣು ಕೊಡವಿಕೊಂಡರು.

"ಅಷ್ಟು ಛಂದ ಬೀಳುವವರಾದರೆ ನಿಮ್ಮ ಕೈ ಯಾಕೆ ಹೀಗಾಯಿತು?" ನನಗೆ ತುಳಸಿಯ ಸಿಟ್ಟು.

ಅವರು ಮಡಚಿದ ಕೈಯನ್ನು ಒಮ್ಮೆ ನೋಡಿಕೊಂಡರು. "ಒಂದ್ ಸಲ ಊರಿಬಿಟ್ನಿರಿ" ಎಂದರು. ಅಷ್ಟೇ. ಮರುದಿನ ಎಲ್ಲಿಂದಲೋ ಹೊಸ ಕುಂಡ ತಂದು, ತುಳಸಿಯನ್ನು ನೆಟ್ಟು, ನೀರು ಹಾಕಿ ಹೋದರು.

ನಾನು ಸಂಜೆ ದೀಪ ಹಚ್ಚಿ ಆ ದಿನ ದೇವರು ಕೊಟ್ಟದ್ದನ್ನು ಎಣಿಸುವವಳು. ನಲ್ಲಿಯಲ್ಲಿ ಕಾಲು ಗಂಟೆ ಹೆಚ್ಚು ನೀರು ಬಂದದ್ದು, ಗ್ಯಾಸ್ ಸಿಲಿಂಡರು ಹಬ್ಬ ಮುಗಿಯುವ ತನಕ ತಡೆದದ್ದು. ಆ ದಿನಗಳಲ್ಲಿ, ಈ ವಾರ ಕ್ಯಾಸೆಟ್ಟು ಸಿಕ್ಕಿಕೊಂಡು ಸಿನಿಮಾ ಅರ್ಧಕ್ಕೆ ನಿಂತದ್ದನ್ನೂ ಕೃಪೆಯ ಲೆಕ್ಕಕ್ಕೆ ಸೇರಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಶ್ರಾವಣದ ಒಂದು ಶನಿವಾರ. ನನ್ನ ಒಪ್ಪೊತ್ತು ಮಾತ್ರವಲ್ಲ, ಮಡಿ ಬೇರೆ. ಮಾಮ ಕ್ಯಾಸೆಟ್ಟು ತಂದು ಹಾಕಿದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ದೇವರಿಗೆ ವಡೆ ಮಾಲೆ ಪೋಣಿಸುತ್ತಾ ಹಾಲಿನ ಕಡೆ ಒಂದು ಕಣ್ಣಿಟ್ಟಿದ್ದೆ. ಸಿನಿಮಾದಲ್ಲಿ ಎಂದಿನಂತೆ ಓಟ. ಗೂಂಡಾಗಳು ತಪ್ಪಿಸಿಕೊಂಡು ಒಂದು ನಾಟಕದ ಥಿಯೇಟರಿಗೆ ನುಗ್ಗುತ್ತಾರೆ, ಬಣ್ಣದ ಕೋಣೆಯಲ್ಲಿದ್ದ ದೇವರ ವೇಷಗಳನ್ನು ಹಾಕಿಕೊಂಡು ರಂಗದ ಮೇಲೆ ನಿಂತುಬಿಡುತ್ತಾರೆ. ಹೀರೋನೂ ರಂಗ ಹತ್ತಿದ. ಒಬ್ಬೊಬ್ಬರನ್ನೇ ಹಿಡಿದು ಬಡಿಯತೊಡಗಿದ. ಕೊನೆಯಲ್ಲಿ ನಿಂತಿದ್ದದ್ದು ಮುಖವಾಡ ಧರಿಸಿ, ಗದೆ ಹಿಡಿದ ಆಂಜನೇಯ. ಹೀರೋ ಅವನೆದುರು ಕಾಲೆತ್ತಿದ.

ನನ್ನ ಕೈಯಲ್ಲಿದ್ದ ಮಾಲೆ ಹಾಗೇ ಇತ್ತು. ನಾನು ಓಡಿ ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದೆ.

"ಅಕ್ಕಾರ, ಒಂದ್ ಗಳಿಗಿ ತಡೀರಿ, ಒಂದ..."

"ಒಂದು ಗಳಿಗೆಯೂ ಬೇಡ! ನನ್ನ ಮನೆಯಲ್ಲಿ, ಶನಿವಾರ, ಆಂಜನೇಯನಿಗೆ ಒದೆಯುವುದನ್ನು ನಾನು ನೋಡಬೇಕಾ? ನಗುವುದಕ್ಕೆ ಬೇರೆ ಎಂತದ್ದೂ ಸಿಗಲಿಲ್ಲವಾ ಅವರಿಗೆ? ಇನ್ನು ಈ ಕ್ಯಾಸೆಟ್ಟು ನಮ್ಮ ಹೊಸ್ತಿಲು ದಾಟಬಾರದು ಅಣ್ಣ, ಹೇಳಿದ್ದೇನೆ."

ಮಾಮ ಎದ್ದು ನಿಂತಿದ್ದರು. ಕತ್ತಲಾದ ಟಿವಿಯನ್ನು ನೋಡಿದರು, ಬಾಗಿಲಲ್ಲಿದ್ದ ಮಗಳನ್ನು ನೋಡಿದರು. ಅವಳು, "ದರ ವೇಳೀ ಅಸಂಚ, ಬಾಬಾ," ಎಂದಳು. ಪ್ರತಿ ಸಲವೂ ಹೀಗೇ ಅಪ್ಪ, ಎಂದು. ದಡದಡ ಮೆಟ್ಟಿಲಿಳಿದು ಹೋದಳು. ಆಮೇಲೆ ಯಾವ ಶನಿವಾರವೂ ಅವಳು ಬರಲಿಲ್ಲ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇಂಥ ಸಿನಿಮಾದಲ್ಲೆಲ್ಲ ಸೇರಿಕೊಂಡದ್ದಕ್ಕೇ ನಿಮ್ಮ ಕೈಗೆ ಹೀಗಾದದ್ದು" ಎಂದುಬಿಟ್ಟೆ.

ಅವರು ಕ್ಯಾಸೆಟ್ಟನ್ನು ಮೊಣಕೈ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. "ಇರಬೌದ್ರಿ ಅಕ್ಕಾರ," ಎಂದರು. ಹೋಗುವಾಗ ನಮ್ಮ ದೇವರ ಗೂಡಿಗೆ ಕೈ ಮುಗಿದೇ ಹೋದರು.

ಇಷ್ಟಾದ ಮೇಲೆ ಬರುವುದು ಬಿಟ್ಟಾರು ಎಂದುಕೊಂಡೆ. ಬಿಡಲಿಲ್ಲ! ಮುಂದಿನ ಶನಿವಾರ ಮೂರಕ್ಕೆ ಮೊಣಕೈ ಹಾಜರು, ಬೇರೆ ಕ್ಯಾಸೆಟ್ಟು. ಈಗ ಒಬ್ಬರೇ. ಮೊದಲಿಗಿಂತ ಹೆಚ್ಚು ನಿಲ್ಲಿಸಿ ನಿಲ್ಲಿಸಿ ನೋಡುವುದು, ಗುಂಪಿನ ಒಂದೊಂದು ತಲೆಯನ್ನೂ ಹುಡುಕುವುದು. ಒಮ್ಮೆ ನೋಡಿ ಮುಗಿದದ್ದನ್ನೇ ಮತ್ತೆ ತರುವುದು. "ವಿಸಿಆರ್ ಹೆಡ್ ಸವೆದು ಹೋಗ್ತದೆ ಅಣ್ಣ, ಎಷ್ಟು ಸಲ ಹಿಂದೆ ಮುಂದೆ ಮಾಡ್ತೀರಿ" ಎಂದು ನಾನು ವಾರಕ್ಕೊಮ್ಮೆ ಹೇಳುತ್ತಿದ್ದೆ. "ಎಲ್ಲರೆ ಇನ್ನೊಂದ್ ಕಡೆ ಸಿಕ್ಕಿರತೈತೇನಂತ್ರಿ," ಎನ್ನುತ್ತಿದ್ದರು. ಇನ್ನೊಂದು ಕಡೆ ಎಂದರೆ ಏನೆಂದು ನಾನು ಕೇಳಲಿಲ್ಲ. ಕಟ್ಟಡದವರು ಅವರಿಗೆ ಪೀಠ್‌ವಾಲಾ ಎಂದು ಹೊಸ ಹೆಸರಿಟ್ಟರು, ಬೆನ್ನಿನವನು ಎಂದು. ಆ ನಗೆಯಲ್ಲಿ ನಾನೂ ಇದ್ದೆ.

ನಡುವೆ ಒಂದು ಸಲ ನೆರೂಳದಲ್ಲಿದ್ದ ನನ್ನ ತಂಗಿಯ ಮನೆಗೆ ಹೊರಟವಳು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನೂಕಿಗೆ ಸಿಕ್ಕಿ ಬಿದ್ದೆ. ಮೇಲಿನ ಮೆಟ್ಟಿಲು. ಕೈ ಚಾಚಿತ್ತು, ಅಷ್ಟರಲ್ಲಿ ಕಿವಿಯೊಳಗೆ "ಭುಜ ಕೊಡ್ರಿ" ಎಂದು ಕೇಳಿದ ಹಾಗಾಯಿತು. ಕೊಟ್ಟೆ. ನಾಲ್ಕು ಮೆಟ್ಟಿಲು ಉರುಳಿ ಎದ್ದು ಕೂತೆ. ಸೀರೆ ಹರಿದಿತ್ತು, ಎಲುಬು ಮುರಿದಿರಲಿಲ್ಲ. ಮಾರನೆಯ ದಿನ ಮಾಮನಿಗೆ ಪತ್ರೊಡೆ ಕೊಟ್ಟು ಕಳಿಸಿದೆ. ಯಾಕೆಂದು ಹೇಳಲಿಲ್ಲ. ಹೇಳಿದರೆ ಮನೆಯೊಳಗೆ ಮತ್ತೊಂದು ಪಾಠ ಮಾಡಿ ತೋರಿಸುತ್ತಾರೆ ಎಂಬ ಭಯ.

ಮಗಳಿಗೆ ಡೋಂಬಿವಲಿಯ ಕಡೆ ಮದುವೆಯಾಯಿತು. ಮನೆಮನೆಗೆ ಕೇಬಲ್ ಬಂತು. ಮಾಮನಿಗೆ ಕಾಮಾಲೆ ಬಂತು, ಹೊಟ್ಟೆ ಉಬ್ಬಿತು. ಕೊನೆಯ ಎರಡು ಶನಿವಾರ ಅವರಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಮೂರು ಗಂಟೆಗೆ ಮನೆ ನಿಶ್ಶಬ್ದವಾಗಿತ್ತು. ಜಪಕ್ಕೆ ಕೂತೆ. ಬೇಡಿದ ನಿಶ್ಶಬ್ದವೇ ಸಿಕ್ಕಿತ್ತು, ಆದರೂ ಮಣಿ ಮುಂದೆ ಸರಿಯಲಿಲ್ಲ. ಮೂರನೆಯ ಶನಿವಾರಕ್ಕೆ ಅವರು ಇರಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ಖೋಲಿ ಖಾಲಿ ಮಾಡುವಾಗ ಮಗಳು ಒಂದು ಕ್ಯಾಸೆಟ್ಟು ತಂದು ನನ್ನ ಕೈಗಿಟ್ಟಳು. ಲೈಬ್ರರಿಗೆ ಹಿಂದಿರುಗಿಸಬೇಕಿತ್ತು. ನಾನೇ ನಾಕಾಕ್ಕೆ ಹೋದೆ. ಕೇಬಲ್ ಬಂದ ಮೇಲೆ ಆ ಅಂಗಡಿಯೂ ಮುಚ್ಚುವುದರಲ್ಲಿತ್ತು. ಕ್ಯಾಸೆಟ್ಟುಗಳನ್ನು ಗೋಣಿಗೆ ತುಂಬುತ್ತಿದ್ದರು. ಅಂಗಡಿಯವರು ಮಂಗಳೂರಿನ ಕಡೆಯವರು. ನಾನು ಮಾಮನ ಹೆಸರೆತ್ತಿದ ಕೂಡಲೇ ಕೈ ಕೆಲಸ ನಿಲ್ಲಿಸಿದರು.

"ಪಾಪ, ಅವರದ್ದು ಒಂದು ನನ್ನ ಹತ್ತಿರ ಉಂಟಲ್ಲ ಅಕ್ಕ. ಬೇರೆ ಯಾರಿಗೂ ಕೊಡಬೇಡಿ ಅಂತ ಇಡಿಸಿದ್ದು. ಮುಖ ಇರುವುದು ಅಂತೆ ಅದರಲ್ಲಿ." ಕಪಾಟಿನ ಹಿಂದಿನಿಂದ ಒಂದು ಕ್ಯಾಸೆಟ್ಟು ತೆಗೆದರು. "ಬರುವುದು, ಕೈಯಲ್ಲಿ ಹಿಡಿದು ನೋಡುವುದು, ವಾಪಸ್ ಇಡುವುದು. ತಗೊಂಡು ಹೋಗಿ ಮಾರಾಯ್ರೆ ಅಂದರೆ, ಅಕ್ಕಾರ ಮನ್ಯಾಗ ಇದು ನಡಿಯಂಗಿಲ್ಲ ಅಂತ. ನನ್ನ ಅಂಗಡಿ ಟಿವಿಯಲ್ಲೇ ಮಗಳಿಗೆ ತೋರಿಸಿ ಅಂದೆ. ಕರೆದರೆ ಅವಳು ಬರುವುದಿಲ್ಲವಂತೆ ಈಗ."

"ನನಗೆ ಹೇಳಬಹುದಿತ್ತಲ್ಲ," ಎಂದೆ.

"ನಾನೂ ಅದೇ ಹೇಳಿದೆ. ಅಕ್ಕಾರ ಮನಸಿಗೆ ಹಚ್ಚಿಕೋತಾರ, ಬ್ಯಾಡ ಅಂದರು."

ಕವರಿನ ಮೇಲೆ ಹೀರೋ, ಹಿಂದೆ ನಾಟಕದ ಪರದೆ. ನಾನು ಅಲ್ಲಿಯೇ ನಿಂತು ನನ್ನನ್ನೇ ಎಷ್ಟು ಬೈದುಕೊಂಡೆನೋ ಆಂಜನೇಯನಿಗೇ ಗೊತ್ತು. ಅಂಗಡಿಯವರು ಕ್ಯಾಸೆಟ್ಟು ಇಟ್ಟುಕೊಳ್ಳಿ ಎಂದರು.

ಮಗಳನ್ನು ಡೋಂಬಿವಲಿಯಿಂದ ಕರೆಸಿದೆ. ಬಂದವಳು ಅಭ್ಯಾಸದಂತೆ ಚೌಕಟ್ಟಿಗೇ ಒರಗಿದಳು. "ಒಳಗೆ ಬಾ ಮಗಾ. ಅವತ್ತು ಆರಿಸಿದವಳು ನಾನು," ಎಂದೆ. ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಶನಿವಾರವೇ ಆಗಿತ್ತು. ಬೇಕೆಂದೇ ಶನಿವಾರ ಕರೆಸಿದ್ದೆ.

ಠಾಣೆಯ ಮಳೆಗೆ ಟೇಪಿಗೆ ಬೂಷ್ಟು ಹಿಡಿದಿತ್ತು. ಮೊದಲ ಅರ್ಧ ಗಂಟೆ ಬರೀ ಬಿಳಿ ಗೆರೆ, ಮುರಿದ ಮಾತು. ಆಮೇಲೆ ತಿಳಿಯಾಯಿತು. ಅದನ್ನೂ ಕೃಪೆಯ ಲೆಕ್ಕಕ್ಕೆ ಸೇರಿಸಿದೆ. ಓಟ ಬಂತು, ಥಿಯೇಟರು ಬಂತು, ದೇವರ ವೇಷಗಳು ಬಂದವು. ಚಿತ್ರದ ತಳದಲ್ಲಿ ಯಾವುದೋ ಸೀರೆ ಅಂಗಡಿಯ ಜಾಹೀರಾತು ಓಡುತ್ತಿತ್ತು. ಹೀರೋ ಆಂಜನೇಯನೆದುರು ಕಾಲೆತ್ತಿದ. ನಾನು ಕಣ್ಣು ಮುಚ್ಚಲಿಲ್ಲ.

ಒದೆ ಬೀಳಲಿಲ್ಲ. ಆಂಜನೇಯ ಒಂದು ಕೈ ಎತ್ತಿ, ತಾಳು ಎಂದ. ಗದೆ ಕೆಳಗಿಟ್ಟು ಎರಡೂ ಕೈಗಳಿಂದ ತನ್ನ ಮುಖವಾಡ ತೆಗೆದ. ಎರಡೂ ಕೈ ನೆಟ್ಟಗಿದ್ದವು. ಮುಖವಾಡವನ್ನು ಕಣ್ಣಿಗೆ ಒತ್ತಿಕೊಂಡು ರಂಗದ ಅಂಚಿನಲ್ಲಿ ಮೆಲ್ಲಗೆ ಇಟ್ಟ. ಬಾಗಿ ನೆಲ ಮುಟ್ಟಿದ. ತಿರುಗಿ ನಿಂತು ನೇರ ನಮ್ಮನ್ನೇ ನೋಡಿದ. ದಪ್ಪ ಮೀಸೆ, ಬೆವರು, ನಲವತ್ತು ದಾಟಿದ ವಯಸ್ಸು, ನಮ್ಮ ಮಾಮ. ಈಗ ಹೊಡಿ ಎಂಬಂತೆ ಹೀರೋಗೆ ತಲೆಯಾಡಿಸಿದರು. ಸಿನಿಮಾದೊಳಗಿನ ಜನ ಹೋ ಎಂದು ನಕ್ಕರು. ಆ ನಗೆಗಾಗಿಯೇ ಅದನ್ನು ಕತ್ತರಿಸದೆ ಉಳಿಸಿರಬೇಕು.

ಒದೆ ಬಿತ್ತು. ಮಾಮ ಹಾರಿದರು. ಭುಜ ಕೊಟ್ಟು ಉರುಳಬೇಕು. ಉರುಳಿದ್ದರೆ ಸೀದಾ ಆ ಮುಖವಾಡದ ಮೇಲೆ. ನನಗೆ ಕಲಿಸಿದ ಗುರುಗಳು ತಾವೇ ಎಡಗೈ ಊರಿದರು. ಕೈ ಮೈಕೆಳಗೆ ಮಡಚಿಕೊಂಡಿತು, ದೇಹ ಮುಖವಾಡಕ್ಕೆ ಒಂದು ಗೇಣು ಈಚೆ ನಿಂತಿತು. ಕ್ಯಾಮೆರಾ ಬೇರೆ ಜೋಕಿಗೆ ತಿರುಗಿತು.

ಕೈಗೆ ಹಾಗಾದದ್ದು ಇಂಥ ಸಿನಿಮಾದಿಂದ ಎಂದು ನಾನೇ ಹೇಳಿದ್ದೆನಲ್ಲ. ಇರಬಹುದು ಎಂದು ಅವರು ಒಪ್ಪಿಕೊಂಡೂ ಇದ್ದರು.

"ಕಾಕೂ," ಎಂದಳು ಹುಡುಗಿ, ಟಿವಿಯಿಂದ ಕಣ್ಣು ತೆಗೆಯದೆ, "ಮಾಗೇ ಘ್ಯಾ ನಾ." ಹಿಂದಕ್ಕೆ ತಗೊಳ್ಳಿ, ಎಂದು.

ತಗೊಂಡೆ. ಮತ್ತೆ ಎಂದಳು, ಮತ್ತೆ ತಗೊಂಡೆ. ಮುಖ ಬಂದಾಗ ಅವಳೇ ರಿಮೋಟು ಇಸಿದುಕೊಂಡು ನಿಲ್ಲಿಸಿದಳು. ನಿಂತ ಚಿತ್ರ ಸ್ವಲ್ಪ ನಡುಗುತ್ತಿತ್ತು. ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟು, "ಮಾಝೇ ಬಾಬಾ," ಎಂದಳು. ನನ್ನ ಅಪ್ಪ.

ಹೆಡ್ ಸವೆಯುತ್ತದೆ ಎಂದು ನಾನು ಹೇಳಲಿಲ್ಲ. ಆ ಸಂಜೆ ದೇವರ ದೀಪ ಒಂದು ಗಂಟೆ ತಡವಾಯಿತು. ಆಂಜನೇಯ ಏನೂ ಅಂದುಕೊಂಡಿರಲಾರ. ಆ ನಾಲ್ಕು ಸೆಕೆಂಡು ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು.